ಪಿಎಂಎಫ್‌ಎಂಇ ಸಾಲ: ‘ಶೇ 50 ಸಬ್ಸಿಡಿ’ ಬೋರ್ಡಿನ ಹಿಂದಿನ ಲೆಕ್ಕ

‘ಶೇ 50 ಸಹಾಯಧನ, ಗರಿಷ್ಠ 15 ಲಕ್ಷ ರೂಪಾಯಿ.’ ಈ ಸಾಲು ಓದಿದವರು ಮೊದಲು ಕೇಳುವುದು ಒಂದೇ: ದುಡ್ಡು ಯಾವಾಗ ಕೈಗೆ ಬರುತ್ತೆ? ಕೈಗೆ ಬರುವುದೇ ಇಲ್ಲ. ಅದು ಬ್ಯಾಂಕಿಗೆ ಬಂದು, ನಿಮ್ಮ ಸಾಲದ ಪಕ್ಕದ ಖಾತೆಯಲ್ಲಿ ಮೂರು ವರ್ಷ ಕೂತು, ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಇದನ್ನು ತಿಳಿದು ಲೆಕ್ಕ ಹಾಕಿದವರಿಗೆ ಹಳ್ಳಿಯ ಆಹಾರ ಉದ್ದಿಮೆಗೆ ಇದಕ್ಕಿಂತ ಒಳ್ಳೆಯ ಸಾಲ ಸದ್ಯಕ್ಕೆ ಸಿಗುವುದು ಕಷ್ಟ. ತಿಳಿಯದೆ ಹೋದವರಿಗೆ ಆರನೇ ತಿಂಗಳಿಗೇ ಉಸಿರು ಕಟ್ಟುತ್ತದೆ.

ಪಿಎಂಎಫ್‌ಎಂಇ ಎಂಬ ಈ ಯೋಜನೆಯ ಪೂರ್ತಿ ಹೆಸರು ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆ. ಕೇಂದ್ರದ ಆಹಾರ ಸಂಸ್ಕರಣಾ ಸಚಿವಾಲಯ 2020ರ ಜೂನ್‌ನಲ್ಲಿ 10,000 ಕೋಟಿ ರೂಪಾಯಿ ಗಾತ್ರದಲ್ಲಿ ಇದನ್ನು ಶುರು ಮಾಡಿತು. ಐದು ವರ್ಷಕ್ಕೆಂದು ಬಂದದ್ದು 2025–26ರವರೆಗೆ ಮುಂದುವರಿಯಿತು. ಹಾಗಾಗಿ ಅರ್ಜಿಗೆ ಕೈ ಹಾಕುವ ಮೊದಲು ಈ ಆರ್ಥಿಕ ವರ್ಷಕ್ಕೆ ನಿಮ್ಮ ಜಿಲ್ಲೆಗೆ ಗುರಿ ಉಳಿದಿದೆಯೇ ಎಂದು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಕರ್ನಾಟಕದಲ್ಲಿ ಇದರ ಉಸ್ತುವಾರಿ ಕೆಪೆಕ್‌ನದು, ಅಂದರೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮದ್ದು. ಹಣ ಬರುವುದು ಕೇಂದ್ರ–ರಾಜ್ಯ 60:40ರ ಪಾಲಿನಲ್ಲಿ.

ಕೇಂದ್ರದ ಮಾರ್ಗಸೂಚಿ ಹೇಳುವುದು ಶೇ 35, ಗರಿಷ್ಠ 10 ಲಕ್ಷ. ಅದರ ಮೇಲೆ ಶೇ 15ನ್ನು ಕರ್ನಾಟಕ ಸರ್ಕಾರ ತನ್ನ ಕೈಯಿಂದ ಹಾಕಿ ಶೇ 50, ಗರಿಷ್ಠ 15 ಲಕ್ಷ ಮಾಡಿದೆ. 60:40ರ ಹಂಚಿಕೆ ಮೊದಲ 10 ಲಕ್ಷಕ್ಕೆ ಮಾತ್ರ, ಹಾಗಾಗಿ ಗರಿಷ್ಠ ಮೊತ್ತದಲ್ಲಿ ಕೇಂದ್ರದ ಪಾಲು 6 ಲಕ್ಷ, ರಾಜ್ಯದ ಪಾಲು 9 ಲಕ್ಷ. ಘಟಕ ಎಲ್ಲಿದೆಯೋ ಆ ರಾಜ್ಯದ ನಿಯಮ ಅನ್ವಯಿಸುತ್ತದೆ. ಕಾಸರಗೋಡಿನಲ್ಲೋ ಅಕ್ಕಲಕೋಟೆಯಲ್ಲೋ ಗಿರಣಿ ಹಾಕುವವರು ಈ ಹೆಚ್ಚುವರಿ ಶೇ 15ರ ಆಸೆ ಇಟ್ಟುಕೊಳ್ಳುವಂತಿಲ್ಲ. ಇನ್ನು 15 ಲಕ್ಷ ಎಲ್ಲರಿಗೂ ಸಿಗುವ ಮೊತ್ತ ಎಂದುಕೊಳ್ಳುವುದೂ ತಪ್ಪು. ಅಷ್ಟು ಸಿಗಬೇಕಾದರೆ ಸಬ್ಸಿಡಿಗೆ ಅರ್ಹವಾದ ವೆಚ್ಚವೇ ಸುಮಾರು 30 ಲಕ್ಷ ಇರಬೇಕು. ರೊಟ್ಟಿ, ಚಟ್ನಿಪುಡಿ, ಶಾವಿಗೆ ಮಾಡುವ ಘಟಕಕ್ಕೆ ಅಷ್ಟು ದೊಡ್ಡ ಯೋಜನೆ ಬೇಕಾಗಿಯೂ ಇಲ್ಲ, ಬ್ಯಾಂಕು ಒಪ್ಪುವುದೂ ಇಲ್ಲ.

ಈಗ ಅಂಕಿಗೆ ಬರೋಣ. ಯಂತ್ರಗಳಿಗೆ 7 ಲಕ್ಷ, ಅದಕ್ಕೆ ಬೇಕಾದ ಕಟ್ಟಡ ಕೆಲಸಕ್ಕೆ 3 ಲಕ್ಷ, ಒಟ್ಟು 10 ಲಕ್ಷದ ಘಟಕ ಎಂದಿಟ್ಟುಕೊಳ್ಳಿ. ನಿಮ್ಮ ಪಾಲು ಕನಿಷ್ಠ ಶೇ 10, ಅಂದರೆ 1 ಲಕ್ಷ. ಬ್ಯಾಂಕ್ ಸಾಲ 9 ಲಕ್ಷ. ಸಹಾಯಧನ 5 ಲಕ್ಷ. ಕಾಗದದ ಮೇಲೆ ನಿಮ್ಮ ನಿಜವಾದ ಸಾಲ ಬರೀ 4 ಲಕ್ಷ. ಸಬ್ಸಿಡಿ ಬಂದು ಮಿರರ್ ಖಾತೆಯಲ್ಲಿ (ಸಾಲದ ಪಕ್ಕದ ಆ ಖಾತೆಗೆ ಇದೇ ಹೆಸರು) ಕೂತ ದಿನದಿಂದ ಆ 5 ಲಕ್ಷದ ಮೇಲೆ ಬ್ಯಾಂಕು ಬಡ್ಡಿ ಹಾಕುವಂತಿಲ್ಲ, ಆ ಠೇವಣಿಗೆ ನಿಮಗೂ ಬಡ್ಡಿ ಇಲ್ಲ. ಪೇಚು ಇರುವುದು ಅದು ಬರುವವರೆಗಿನ ತಿಂಗಳುಗಳಲ್ಲಿ. ಬಡ್ಡಿ ಶೇ 11 ಎಂದರೆ 9 ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿ 8,250 ರೂಪಾಯಿ. 4 ಲಕ್ಷಕ್ಕಾದರೆ 3,667. ಸಬ್ಸಿಡಿ ಆರು ತಿಂಗಳು ತಡವಾದರೆ ಈ ವ್ಯತ್ಯಾಸವೇ ಸುಮಾರು 27,500 ರೂಪಾಯಿ, ಪೂರ್ತಿ ನಿಮ್ಮ ಜೇಬಿನಿಂದ. ಕೇಂದ್ರದ ಪಾಲು, ರಾಜ್ಯದ ಹೆಚ್ಚುವರಿ ಪಾಲು ಒಂದೇ ದಿನ ಬಂದು ಬೀಳುತ್ತವೆ ಎಂದು ನೆಚ್ಚಿಕೊಳ್ಳಬೇಡಿ.

ಅದಕ್ಕೇ ಸಾಲ ಮಂಜೂರಾತಿ ಪತ್ರ ಕೈಗೆ ಬಂದಾಗ ಬಡ್ಡಿ ದರದ ಜತೆಗೆ ಇನ್ನೂ ಎರಡು ವಿಷಯ ಓದಿ. ಮೊದಲನೆಯದು ಕಂತನ್ನು 9 ಲಕ್ಷಕ್ಕೆ ಕಟ್ಟಿದ್ದಾರೋ ಅಥವಾ ಸಬ್ಸಿಡಿ ಕಳೆದು ಉಳಿದ ಮೊತ್ತಕ್ಕೋ ಎಂಬುದು. 9 ಲಕ್ಷಕ್ಕೆ, ಶೇ 11ರಲ್ಲಿ, ಐದು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 19,570 ರೂಪಾಯಿ. 4 ಲಕ್ಷಕ್ಕೆ ಸುಮಾರು 8,700. ಹೊಸ ಘಟಕವೊಂದು ಬದುಕುವುದಕ್ಕೂ ಮುಚ್ಚುವುದಕ್ಕೂ ಈ ಅಂತರ ಸಾಕು. ಎರಡನೆಯದು ಕಂತಿನ ವಿನಾಯಿತಿ ಅವಧಿ. ಆರು ತಿಂಗಳು ಕೊಟ್ಟಿದ್ದಾರೆ ಎಂದರೆ ಬಡ್ಡಿಗೂ ರಜೆ ಎಂದು ಅರ್ಥವಲ್ಲ, ಅದು ಅಸಲಿಗೆ ಸೇರುತ್ತಾ ಹೋಗುತ್ತದೆ. ಕೈಲಾದರೆ ಆ ತಿಂಗಳುಗಳ ಬಡ್ಡಿಯನ್ನು ಆಗಾಗಲೇ ಕಟ್ಟಿಬಿಡುವುದು ಲೇಸು.

ಏನು ಲೆಕ್ಕಕ್ಕೆ ಬರುತ್ತದೆ, ಏನು ಬರುವುದಿಲ್ಲ ಎನ್ನುವಲ್ಲಿ ಈ ಯೋಜನೆ ಬಿಗಿ. ಜಮೀನಿನ ಬೆಲೆ ಬರುವುದಿಲ್ಲ. ಹಳೆಯ ಯಂತ್ರ ಬರುವುದಿಲ್ಲ. ಕಟ್ಟಡದ ವಿಷಯದಲ್ಲಿ, ಸಂಸ್ಕರಣೆಗೆ ಅಗತ್ಯವಾದ ತಾಂತ್ರಿಕ ಕೆಲಸ ಮಾತ್ರ, ಅದೂ ಅರ್ಹ ಯೋಜನಾ ವೆಚ್ಚದ ಶೇ 30 ಮೀರುವಂತಿಲ್ಲ. ಮೆಣಸಿನ ಪುಡಿ, ಹಿಟ್ಟಿನ ಗಿರಣಿ ಮಾಡುವವರಿಗೆ ಇದರಿಂದ ತೊಂದರೆ ಇಲ್ಲ, ಅವರ ವೆಚ್ಚದ ಹೆಚ್ಚಿನ ಪಾಲು ಯಂತ್ರವೇ. ಏಟು ಬೀಳುವುದು ಆಲೆಮನೆಯವರಿಗೆ. ಒಂದು ಜಿಲ್ಲೆ ಒಂದು ಉತ್ಪನ್ನ ಪಟ್ಟಿಯಲ್ಲಿ ಮಂಡ್ಯಕ್ಕೂ ಬೆಳಗಾವಿಗೂ ಬೆಲ್ಲವನ್ನೇ ಕೊಟ್ಟು, ಆಲೆಮನೆ ಎಂದರೆ ಮುಕ್ಕಾಲು ಭಾಗ ಗಾರೆ ಕೆಲಸ ಎಂಬುದನ್ನು ಮರೆತಂತಿದೆ.

ಅದರ ಲೆಕ್ಕ ಹೀಗೆ: ಆಲೆಮನೆಯ ಒಟ್ಟು ವೆಚ್ಚ 20 ಲಕ್ಷ, ಅದರಲ್ಲಿ ಗಾಣ, ಮೋಟಾರು, ಪಾತ್ರೆಗಳಿಗೆ 8 ಲಕ್ಷ, ಶೆಡ್ಡು, ನೆಲ, ಒಲೆಗೆ 12 ಲಕ್ಷ. ಯಂತ್ರ ಶೇ 70 ಇರಬೇಕು ಎಂಬ ನಿಯಮ ಹಾಕಿದರೆ 8 ಲಕ್ಷದ ಯಂತ್ರಕ್ಕೆ ಅರ್ಹ ವೆಚ್ಚ 11.43 ಲಕ್ಷ ಮಾತ್ರ, ಕಟ್ಟಡದಲ್ಲಿ ಗಣನೆಗೆ ಬರುವುದು 3.43 ಲಕ್ಷ. ಸಬ್ಸಿಡಿ 5.71 ಲಕ್ಷ. 20 ಲಕ್ಷಕ್ಕೆ ಹೋಲಿಸಿದರೆ ಶೇ 29 ಕೂಡ ಇಲ್ಲ. ದಾರಿ ಇಲ್ಲವೆಂದಲ್ಲ. ಕೊಪ್ಪರಿಗೆ, ಸ್ಟೀಲ್ ತೊಟ್ಟಿ, ಒಲೆಯ ಗ್ರೇಟು, ಚಿಮಣಿ ಇವನ್ನು ಮೇಸ್ತ್ರಿಯ ಎಸ್ಟಿಮೇಟಿನೊಳಗೆ ಸೇರಿಸದೆ, ತಯಾರಕರಿಂದ ಬೇರೆ ಕೊಟೇಶನ್ ಪಡೆದು ಯಂತ್ರೋಪಕರಣದ ಪಟ್ಟಿಗೆ ತರಬೇಕು. ಇದರಲ್ಲಿ ಕಣ್ಣಾಮುಚ್ಚಾಲೆ ಏನಿಲ್ಲ, ಅವು ನಿಜಕ್ಕೂ ಉಪಕರಣಗಳೇ. ಆದರೂ ಎಷ್ಟೋ ಯೋಜನಾ ವರದಿಗಳಲ್ಲಿ ‘ಆಲೆಮನೆ ನಿರ್ಮಾಣ – 12 ಲಕ್ಷ’ ಎಂದು ಒಂದೇ ಸಾಲಿನಲ್ಲಿ ಹೊಡೆದು ಬಿಟ್ಟಿರುತ್ತಾರೆ.

ಅರ್ಜಿ ಹಾಕುವ ಹಂತದಲ್ಲಿ ಯೋಜನೆಗೆ ಒಳ್ಳೆಯ ಅಂಕ ಕೊಡಬೇಕು. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಎಂಬ ಏರ್ಪಾಡು ಇಲ್ಲಿದೆ. ಯೋಜನಾ ವರದಿ (ಡಿಪಿಆರ್), ಪೋರ್ಟಲ್ ಅರ್ಜಿ, ಬ್ಯಾಂಕಿನ ಓಡಾಟ, ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಆಹಾರ ಸುರಕ್ಷತಾ ಪರವಾನಗಿ ಎಲ್ಲಕ್ಕೂ ಜತೆಗಿರುವುದು ಅವರ ಕೆಲಸ. ಮಂಜೂರಾದ ಪ್ರತಿ ಸಾಲಕ್ಕೆ ಸರ್ಕಾರವೇ ಅವರಿಗೆ 20,000 ರೂಪಾಯಿ ಕೊಡುತ್ತದೆ: ಅರ್ಧ ಸಾಲ ಮಂಜೂರಾದ ಮೇಲೆ, ಉಳಿದರ್ಧ ನೋಂದಣಿ, ತರಬೇತಿ ಇತ್ಯಾದಿ ಮುಗಿದ ಮೇಲೆ. ಎಂದರೆ ಅರ್ಜಿದಾರರು ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ‘ಡಿಪಿಆರ್ ಮಾಡಿಸೋಕೆ ಇಷ್ಟಾಗುತ್ತೆ’, ‘ಸಬ್ಸಿಡಿಯಲ್ಲಿ ಇಷ್ಟು ಪರ್ಸೆಂಟು’ ಎಂಬ ಮಾತು ಯಾರಿಂದ ಬಂದರೂ ಅಲ್ಲೇ ಎದ್ದು ಬನ್ನಿ. ಉದ್ಯಮ್ ನೋಂದಣಿಯೂ ಉಚಿತ. ಸೈಬರ್ ಸೆಂಟರಿನವರು ತೆಗೆದುಕೊಳ್ಳುವುದು ಟೈಪಿಂಗಿನ ದುಡ್ಡು, ಸರ್ಕಾರದ ಶುಲ್ಕವಲ್ಲ.

ಈ ಏರ್ಪಾಡಿನ ದೌರ್ಬಲ್ಯವೂ ಇಲ್ಲೇ ಇದೆ. ಸಂಪನ್ಮೂಲ ವ್ಯಕ್ತಿಗೆ ಹಣ ಬರುವುದು ಮಂಜೂರಾದ ಸಾಲದ ಲೆಕ್ಕದಲ್ಲಿ. ಘಟಕ ಮೂರು ವರ್ಷ ನಡೆಯಿತೋ ಇಲ್ಲವೋ ಎಂಬುದಕ್ಕೂ ಅವರ ಸಂಭಾವನೆಗೂ ನಂಟಿಲ್ಲ. ಹಾಗಾಗಿ ಒಂದೇ ಅಚ್ಚಿನ ಯೋಜನಾ ವರದಿಯಲ್ಲಿ ಹೆಸರು, ಊರು ಬದಲಿಸಿ ಹಾಕಿದ್ದು ಕಾಣಸಿಗುತ್ತದೆ. ವರದಿ ಯಾರೇ ಬರೆಯಲಿ, ಅದರಲ್ಲಿನ ಉತ್ಪಾದನೆಯ ಅಂಕಿಯನ್ನು ಅರ್ಜಿದಾರರೇ ಬಾಯಿಪಾಠ ಹೇಳುವಷ್ಟು ತಿಳಿದಿರಬೇಕು. ಶಾಖೆಯಲ್ಲಿ ಮ್ಯಾನೇಜರು ಕೇಳುವ ಮೊದಲ ಪ್ರಶ್ನೆ ಅದೇ, ಮತ್ತು ಅನುಭವಿ ಮ್ಯಾನೇಜರು ಸುಳ್ಳು ಹಿಡಿಯುವುದೂ ಅಲ್ಲೇ.

ಕಡ್ಲೆಕಾಯಿ ಎಣ್ಣೆಯ ಗಾಣ ತೆಗೆದುಕೊಳ್ಳಿ. ಒಂದು ಮರದ ಗಾಣಕ್ಕೆ ಒಂದು ಸಲಕ್ಕೆ ಸುಮಾರು 12 ಕಿಲೊ ಬೀಜ ಹಿಡಿಸುತ್ತದೆ. ಅರೆದು ಎಣ್ಣೆ ಬಿಡಲು ಮುಕ್ಕಾಲು ಗಂಟೆ, ಹಿಂಡಿ ಕೆತ್ತಿ ತೆಗೆದು ಮತ್ತೆ ತುಂಬಲು ಇನ್ನೊಂದು ಹತ್ತು ನಿಮಿಷ. ಎಂಟು ಗಂಟೆಯ ದಿನದಲ್ಲಿ ಎಂಟು ಸಲ ಅರೆದರೆ ಹೆಚ್ಚು: 96 ಕಿಲೊ ಬೀಜ. ಶೇ 40 ಇಳುವರಿಗೆ 38 ಕಿಲೊ ಎಣ್ಣೆ, ಲೀಟರಿನಲ್ಲಿ 42ರ ಆಸುಪಾಸು. ಉಳಿದದ್ದು ಹಿಂಡಿ. ಇಷ್ಟು ಗೊತ್ತಿರುವವರ ಮುಂದೆ ‘ಒಂದು ಗಾಣ, ದಿನಕ್ಕೆ 100 ಲೀಟರ್’ ಎಂದು ಬರೆದ ವರದಿ ಇಟ್ಟರೆ ಅರ್ಜಿ ಮೂಲೆಗೆ ಹೋಗುತ್ತದೆ. ಹೋಗದೆ ಮಂಜೂರಾದರೆ ಇನ್ನೂ ಕಷ್ಟ, ಏಕೆಂದರೆ ಕಂತು ಕಟ್ಟಿರುವುದು ಆ 100 ಲೀಟರಿನ ಆದಾಯಕ್ಕೆ.

ಇದೇ ಗಾಣದಲ್ಲಿ ಇನ್ನೊಂದು ಗುಂಡಿ ಇದೆ. ಬೀಜದ ದರ ಕಿಲೊಗೆ 120 ರೂಪಾಯಿ ಎಂದಿಟ್ಟುಕೊಂಡರೆ ದಿನದ ಬೀಜಕ್ಕೆ 11,520 ರೂಪಾಯಿ, 25 ದಿನಕ್ಕೆ 2.88 ಲಕ್ಷ. ಎಣ್ಣೆ ತೆಗೆದ ಕೂಡಲೇ ಬಾಟಲಿಗೆ ತುಂಬುವಂತಿಲ್ಲ, ಗಸಿ ತಳಕ್ಕಿಳಿಯಲು ಮೂರು ದಿನ ಬಿಡಬೇಕು. ಎಂದರೆ ನೂರಿಪ್ಪತ್ತು ಲೀಟರಿನಷ್ಟು ಮಾಲು ಸದಾ ಡ್ರಮ್ಮಿನಲ್ಲೇ. ಅಂಗಡಿಯವರು ತಿಂಗಳ ಉದ್ರಿ ಕೇಳುತ್ತಾರೆ. ಕೊಯ್ಲಿನ ಕಾಲದಲ್ಲಿ ಅಗ್ಗಕ್ಕೆ ಸಿಗುವ ಬೀಜ ಕೂಡಿಡಲು ಇನ್ನಷ್ಟು ಹಣ. 10 ಲಕ್ಷದ ಘಟಕಕ್ಕೆ ಮೇಲಿನಿಂದ 3ರಿಂದ 4 ಲಕ್ಷ ದುಡಿಯುವ ಬಂಡವಾಳ ಬೇಕೇ ಬೇಕು. ಸಹಾಯಧನದ ಗಮನವೆಲ್ಲ ಯಂತ್ರದ ಮೇಲೆ ಇರುವುದರಿಂದ ಈ ಹಣ ಎಲ್ಲಿಂದ ಎಂದು ಯಾರೂ ಕೇಳುವುದಿಲ್ಲ. ಟರ್ಮ್ ಲೋನಿನ (ಯಂತ್ರ, ಕಟ್ಟಡಕ್ಕೆ ಕೊಡುವ ಕಂತಿನ ಸಾಲ) ಅರ್ಜಿಯ ಜತೆಗೇ ಕ್ಯಾಶ್ ಕ್ರೆಡಿಟ್ ಮಿತಿಗೂ (ಬೇಕಾದಾಗ ಎತ್ತಿ, ಬಂದಾಗ ಕಟ್ಟುವ ಸಾಲ) ಅರ್ಜಿ ಕೊಡಿ. ಒಮ್ಮೆ ಯಂತ್ರ ಬಂದು ಕೂತ ಮೇಲೆ ಅದೇ ಶಾಖೆಗೆ ಹೋಗಿ ‘ಬೀಜಕ್ಕೆ ದುಡ್ಡು ಸಾಲದು’ ಎಂದರೆ, ‘ವರದಿಯಲ್ಲಿ ಬರೆದಿರಲಿಲ್ಲವಲ್ಲ’ ಎಂಬ ಮಾತು ಎದುರಾಗುತ್ತದೆ. ಮುಚ್ಚಿಕೊಂಡ ಸಣ್ಣ ಘಟಕಗಳಲ್ಲಿ ಯಂತ್ರ ಕೆಟ್ಟು ನಿಂತವು ಕಡಿಮೆ, ಕಚ್ಚಾಮಾಲಿಗೆ ಕಾಸಿಲ್ಲದೆ ನಿಂತವೇ ಹೆಚ್ಚು.

ಬ್ಯಾಂಕಿನ ಹಂತ ಈ ಸೇವೆಯ ಅತಿ ದುರ್ಬಲ ಕೊಂಡಿ. ಜಿಲ್ಲಾ ಮಟ್ಟದಲ್ಲಿ ಪರಿಶೀಲನೆಯಾಗಿ ಅರ್ಜಿ ಶಾಖೆಗೆ ಹೋದ ಮೇಲೆ ಸರ್ಕಾರದ ಕೈ ಅಲ್ಲಿಗೆ ಮುಗಿಯಿತು. ಸಾಲ ಕೊಡುವುದು ಬಿಡುವುದು ಬ್ಯಾಂಕಿನ ವಿವೇಚನೆ. ಸಿಬಿಲ್ ಅಂಕ (ಹಿಂದಿನ ಸಾಲಗಳನ್ನು ಹೇಗೆ ಕಟ್ಟಿದ್ದೀರಿ ಎಂಬುದರ ಅಂಕ), ಹಳೆಯ ಬೆಳೆಸಾಲದ ಸುಸ್ತಿ, ಇನ್ನೊಬ್ಬರಿಗೆ ಹಾಕಿದ ಜಾಮೀನು ಎಲ್ಲವೂ ಇಲ್ಲಿ ಮೇಲೆದ್ದು ಬರುತ್ತವೆ. ಅರ್ಜಿ ಹಾಕುವ ಮುಂಚೆಯೇ ಸಿಬಿಲ್ ವರದಿ ತೆಗೆಸಿ ನೋಡಿ. ಮುಗಿಸಿದ ಸಾಲವೊಂದು ಬಾಕಿ ಎಂದೇ ತೋರಿಸುತ್ತಿದ್ದರೆ ಅದನ್ನು ಸರಿಪಡಿಸಲು ವಾರಗಳೇ ಬೇಕು. ಈಗಾಗಲೇ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವವರಿಗೆ ಇನ್ನೊಂದು ತೊಡಕು: ವ್ಯಾಪಾರ ನಿಜ, ದಾಖಲೆ ಇಲ್ಲ. ಆರು ತಿಂಗಳ ಮೊದಲಿನಿಂದಲೇ ಮಾರಾಟದ ಹಣವನ್ನು ಯುಪಿಐ ಮೂಲಕ ಒಂದೇ ಖಾತೆಗೆ ಬರುವಂತೆ ಮಾಡಿ. ಆ ಸ್ಟೇಟ್‌ಮೆಂಟು ಯಾವ ಯೋಜನಾ ವರದಿಗಿಂತಲೂ ಚೆನ್ನಾಗಿ ಮಾತಾಡುತ್ತದೆ.

ಅಡಮಾನದ ವಿಷಯದಲ್ಲಿ ತಿಳಿದಿರಬೇಕಾದ್ದು ಇಷ್ಟು. ಕಿರು ಉದ್ದಿಮೆಯ ಕನಿಷ್ಠ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಅದರಿಂದಾಚೆಗೂ ಸಿಜಿಟಿಎಂಎಸ್‌ಇ (ಸಣ್ಣ ಉದ್ದಿಮೆಗಳ ಸಾಲಕ್ಕೆ ಬ್ಯಾಂಕಿಗೆ ಭರವಸೆ ನಿಲ್ಲುವ ಟ್ರಸ್ಟ್) ಖಾತರಿಯಡಿ ಕೊಡಲು ದಾರಿಯಿದೆ, ಅದಕ್ಕೆ ವರ್ಷಕ್ಕಿಷ್ಟು ಎಂದು ಶುಲ್ಕ ಬೀಳುತ್ತದೆ. ‘ಪಹಣಿ ತನ್ನಿ, ಶೂರಿಟಿ ತನ್ನಿ’ ಎಂದರೆ ಜಗಳಕ್ಕೆ ಇಳಿಯುವುದಕ್ಕಿಂತ, ಯಾವ ನಿಯಮದಡಿ ಎಂದು ಬರಹದಲ್ಲಿ ಕೇಳುವುದು ಮೇಲು. ಅರ್ಜಿ ತಿರಸ್ಕಾರವಾದರೆ ಕಾರಣ ಪೋರ್ಟಲ್‌ನಲ್ಲಿ ದಾಖಲಾಗಬೇಕು. ಅದನ್ನು ಹಿಡಿದು, ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರನ್ನು ಕಾಣಿ. ಇನ್ನೊಂದು ಬ್ಯಾಂಕಿಗೆ ಹೊಸದಾಗಿ ಪ್ರಯತ್ನಿಸಲೂ ಬಹುದು. ವಹಿವಾಟೇ ಇಲ್ಲದ ದೂರದ ಪಟ್ಟಣದ ಶಾಖೆಗಿಂತ ವರ್ಷಗಳಿಂದ ಖಾತೆ ಇರುವ ಹತ್ತಿರದ ಶಾಖೆಯನ್ನು ಆರಂಭದಲ್ಲೇ ಆರಿಸಿದರೆ ಅರ್ಧ ಕೆಲಸ ಹಗುರ.

ಕೊಟೇಶನ್ ಎನ್ನುವುದನ್ನು ಎಲ್ಲರೂ ಹಗುರವಾಗಿ ಕಾಣುತ್ತಾರೆ, ಆಮೇಲೆ ಅದೇ ಕತ್ತು ಹಿಡಿಯುತ್ತದೆ. ಬ್ಯಾಂಕು ಯಂತ್ರದ ಹಣವನ್ನು ನೇರ ತಯಾರಕರ ಖಾತೆಗೆ ಹಾಕುತ್ತದೆ, ನಿಮ್ಮ ಕೈಗೆ ಕೊಡುವುದಿಲ್ಲ. ಕೊಟೇಶನ್‌ನಲ್ಲಿ ಮಾದರಿ, ಎಚ್‌ಪಿ, ಗಂಟೆಗೆ ಎಷ್ಟು ಕಿಲೊ, ಸಾಗಾಟ, ಅಳವಡಿಕೆ, ಜಿಎಸ್‌ಟಿ ಸೇರಿ ಎಷ್ಟು ಸೇರದೆ ಎಷ್ಟು ಇವೆಲ್ಲ ಬಿಡಿಬಿಡಿಯಾಗಿ ಇರಲಿ. ನೀವು ಜಿಎಸ್‌ಟಿ ನೋಂದಣಿ ಇಲ್ಲದವರಾದರೆ ಆ ತೆರಿಗೆ ವಾಪಸಾಗುವುದಿಲ್ಲ, ಅದೂ ನಿಮ್ಮ ವೆಚ್ಚವೇ. ಕೊಟೇಶನ್ ಒಬ್ಬರದು, ಬಿಲ್ಲು ಇನ್ನೊಬ್ಬರದು, ಬಂದ ಯಂತ್ರ ಮೂರನೆಯ ಮಾದರಿ ಎಂದಾದರೆ ಸ್ಥಳ ಪರಿಶೀಲನೆಯಲ್ಲಿ ಸಬ್ಸಿಡಿ ನಿಲ್ಲುತ್ತದೆ. ಮಾದರಿ ಬದಲಿಸಲೇಬೇಕಾದರೆ ಹಣ ಬಿಡುಗಡೆಗೆ ಮೊದಲೇ ಶಾಖೆಗೆ ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ. ಸಬ್ಸಿಡಿಯ ವಾಸನೆ ಹಿಡಿದು ದರ ಏರಿಸುವ ಮಾರಾಟಗಾರರೂ ಇದ್ದಾರೆ. ಅದೇ ಗಿರಣಿಗೆ ‘ಸಾಲ ಇಲ್ಲ, ನಗದು ಕೊಡುತ್ತೇನೆ’ ಎಂದು ಬೇರೆ ಫೋನಿನಿಂದ ದರ ಕೇಳಿ ನೋಡಿ, ತಿಳಿಯುತ್ತದೆ.

ವಿದ್ಯುತ್ತಿನದು ಬೇರೆಯೇ ಪುರಾಣ. ಮೂರು ಗಿರಣಿ, ಒಂದು ರೋಸ್ಟರು, ಒಂದು ಪ್ಯಾಕಿಂಗ್ ಯಂತ್ರ ಸೇರಿದರೆ ಮನೆಯ ಸಿಂಗಲ್ ಫೇಸ್ ಸಾಲದು. ತ್ರೀ ಫೇಸ್ ಸಂಪರ್ಕಕ್ಕೆ ಎಸ್ಕಾಂಗೆ (ವಿದ್ಯುತ್ ಸರಬರಾಜು ಕಂಪನಿಗೆ) ಠೇವಣಿ, ಕೆಲವು ಕಡೆ ಕಂಬ, ಲೈನಿನ ಖರ್ಚೂ ನಿಮ್ಮದೇ. ಟ್ರಾನ್ಸ್‌ಫಾರ್ಮರಿನಲ್ಲಿ ಜಾಗ ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯಬೇಕು. ಯಂತ್ರ ಬಂದು ಕೂತು, ಬಡ್ಡಿ ಓಡುತ್ತಾ, ಕರೆಂಟಿಗೆ ಕಾಯುವ ಸ್ಥಿತಿ ಬೇಡವೆಂದರೆ ಸೆಕ್ಷನ್ ಆಫೀಸಿನಲ್ಲಿ ಎಷ್ಟು ಎಚ್‌ಪಿ ಕೊಡಲು ಸಾಧ್ಯ ಎಂದು ಯೋಜನಾ ವರದಿಗೂ ಮುಂಚೆ ಕೇಳಿ. ಜಾಗದ ಕಾಗದವೂ ಅಷ್ಟೇ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು ಖಾತೆ, ಬಾಡಿಗೆ ಕಟ್ಟಡವಾದರೆ ಸಾಲದ ಅವಧಿಗೆ ಸಾಲುವ ಕರಾರು ಇರಬೇಕು. ಹನ್ನೊಂದು ತಿಂಗಳ ಬಾಡಿಗೆ ಕರಾರು ಹಿಡಿದು ಐದು ವರ್ಷದ ಸಾಲ ಕೇಳಲು ಹೋಗುವವರು ಇಂದಿಗೂ ಇದ್ದಾರೆ.

ಕಾನೂನಿನ ಕಾಗದಗಳಲ್ಲಿ ಆಹಾರ ಸುರಕ್ಷತಾ ನೋಂದಣಿಯನ್ನು ಯಾರೂ ಮರೆಯುವುದಿಲ್ಲ, ಸಂಪನ್ಮೂಲ ವ್ಯಕ್ತಿಯೇ ಮಾಡಿಸುತ್ತಾರೆ. ಮರೆಯುವುದು ಕಾನೂನು ಮಾಪನಶಾಸ್ತ್ರ ಇಲಾಖೆಯ ಪ್ಯಾಕರ್ ನೋಂದಣಿಯನ್ನು. ಪೊಟ್ಟಣ ಕಟ್ಟಿ ತೂಕ, ಬೆಲೆ ಬರೆದು ಮಾರುವವರೆಲ್ಲ ಮಾಡಿಸಬೇಕಾದ್ದು ಅದು. ಸೂಪರ್ ಮಾರ್ಕೆಟ್ಟಿನವರು ಮಾಲು ಇಳಿಸಿಕೊಳ್ಳುವ ಮೊದಲು ಕೇಳುತ್ತಾರೆ. ಲೇಬಲ್ಲುಗಳನ್ನು ಐದು ಸಾವಿರ ಒಟ್ಟಿಗೆ ಅಚ್ಚು ಹಾಕಿಸುವ ಮುನ್ನ ಇದೆಲ್ಲ ಮುಗಿದಿರಲಿ.

ಪಿಎಂಇಜಿಪಿ ಜತೆ ಹೋಲಿಸದೆ ಈ ವಿಮರ್ಶೆ ಪೂರ್ತಿಯಾಗದು, ಏಕೆಂದರೆ ಹಳ್ಳಿಯಲ್ಲಿ ಎರಡನ್ನೂ ಕಲಸಿ ಮಾತಾಡುತ್ತಾರೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ 2008ರಿಂದ ಇದೆ, ಖಾದಿ ಗ್ರಾಮೋದ್ಯೋಗ ಆಯೋಗ, ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳ ಮೂಲಕ ನಡೆಯುತ್ತದೆ. ಅದರ ಸಬ್ಸಿಡಿ ಗ್ರಾಮೀಣ ಭಾಗದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಮುಂತಾದವರಿಗೆ ಶೇ 35. ಸ್ವಂತ ಪಾಲು ಸಾಮಾನ್ಯರಿಗೆ ಶೇ 10, ವಿಶೇಷ ವರ್ಗಕ್ಕೆ ಶೇ 5. ಉತ್ಪಾದನೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆ. ಅದೇ 10 ಲಕ್ಷದ ಘಟಕಕ್ಕೆ ಅಲ್ಲಿ ಸಿಗುವುದು 2.5 ಅಥವಾ 3.5 ಲಕ್ಷ, ಇಲ್ಲಿ 5 ಲಕ್ಷ. ಆಹಾರದ ಉದ್ದಿಮೆಯಾದರೆ ಕರ್ನಾಟಕದಲ್ಲಿ ಪಿಎಂಎಫ್‌ಎಂಇ ಗೆಲ್ಲುತ್ತದೆ. ಇನ್ನೊಂದು ಅನುಕೂಲವೆಂದರೆ ಪಿಎಂಇಜಿಪಿಯ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ, ಪಿಎಂಎಫ್‌ಎಂಇ ಈಗಾಗಲೇ ನಡೆಯುತ್ತಿರುವ ಗಿರಣಿಯನ್ನು ದೊಡ್ಡದು ಮಾಡಲೂ ಸಿಗುತ್ತದೆ.

ಆದರೂ ಪಿಎಂಇಜಿಪಿ ಕೈಬಿಡುವ ಯೋಜನೆ ಅಲ್ಲ. ಸಿಮೆಂಟ್ ಇಟ್ಟಿಗೆ, ಹೊಲಿಗೆ, ವೆಲ್ಡಿಂಗ್ ಶೆಡ್ಡು, ಬೈಕ್ ರಿಪೇರಿ ಇವಕ್ಕೆಲ್ಲ ಅದೇ ದಾರಿ. ಒಂದು ಸುತ್ತಿನ ದುಡಿಯುವ ಬಂಡವಾಳವನ್ನು ಯೋಜನಾ ವೆಚ್ಚದೊಳಗೇ ಅದು ಒಪ್ಪುತ್ತದೆ, ಗಾಣದ ಉದಾಹರಣೆಯ ಗುಂಡಿ ಅಲ್ಲಿ ಅಷ್ಟು ಆಳವಿಲ್ಲ. ಅದರ ಕೊಕ್ಕೆಯೂ ಅಲ್ಲೇ: ಮೂರು ವರ್ಷದ ಅವಧಿಯಲ್ಲಿ ಒಮ್ಮೆಯಾದರೂ ಆ ಬಂಡವಾಳದ ಕ್ಯಾಶ್ ಕ್ರೆಡಿಟ್ (ಸಿಸಿ) ಮಿತಿಯನ್ನು ಪೂರ್ತಿ ಬಳಸಿರಬೇಕು, ಸರಾಸರಿ ಬಳಕೆ ಶೇ 75ಕ್ಕಿಂತ ಕಡಿಮೆ ಇರಬಾರದು. ‘ಬಡ್ಡಿ ಉಳಿಯಲಿ’ ಎಂದು ಸಿಸಿ ಖಾತೆ ಮುಟ್ಟದೆ ಇಟ್ಟ ಜಾಣರು ಆ ಪ್ರಮಾಣದ ಸಬ್ಸಿಡಿಯನ್ನು ಕಳೆದುಕೊಳ್ಳುತ್ತಾರೆ. ಉತ್ಪಾದನೆಗೆ 10 ಲಕ್ಷ, ಸೇವೆಗೆ 5 ಲಕ್ಷ ಮೀರಿದರೆ ಎಂಟನೇ ತರಗತಿ ಪಾಸಾಗಿರಬೇಕು. ಒಂದೇ ಯಂತ್ರಕ್ಕೆ ಎರಡು ಕಡೆಯ ಬಂಡವಾಳ ಸಬ್ಸಿಡಿ ಎಳೆಯಲು ಹೋಗಬೇಡಿ, ಆಧಾರ್, ಪ್ಯಾನ್ ಸಂಖ್ಯೆಯಲ್ಲಿ ಸಿಕ್ಕಿಬೀಳುತ್ತದೆ.

ಬಡ್ಡಿ ರಿಯಾಯಿತಿ ಮಾತ್ರ ಬೇರೆ ಸಂಗತಿ. ಪ್ರಾಥಮಿಕ ಸಂಸ್ಕರಣೆಗೆ ಸೇರುವ ಕೆಲಸವಾದರೆ, ಅಂದರೆ ಶುಚಿಗೊಳಿಸುವುದು, ವರ್ಗೀಕರಣ, ಸಿಪ್ಪೆ ತೆಗೆಯುವುದು ಮುಂತಾದವು, ಕೃಷಿ ಮೂಲಸೌಕರ್ಯ ನಿಧಿಯ ಶೇ 3 ಬಡ್ಡಿ ಸಹಾಯವನ್ನು ಪಿಎಂಎಫ್‌ಎಂಇ ಜತೆಗೇ ಪಡೆಯಬಹುದು. 2 ಕೋಟಿವರೆಗಿನ ಸಾಲಕ್ಕೆ, ಗರಿಷ್ಠ ಏಳು ವರ್ಷ ಸಿಗುತ್ತದೆ. 9 ಲಕ್ಷದ ಸಾಲಕ್ಕೆ ಮೊದಲ ವರ್ಷ 27,000 ರೂಪಾಯಿಯ ಹತ್ತಿರದ ಉಳಿತಾಯ. ಅದಕ್ಕೆ ಬೇರೆ ಪೋರ್ಟಲ್, ಬೇರೆ ಅರ್ಜಿ. ಶಾಖೆಯವರು ತಾವಾಗಿ ಹೇಳುವುದು ಅಪರೂಪ. ಸಿರಿಧಾನ್ಯ ಸಂಸ್ಕರಣೆಯವರು ಇದನ್ನು ಕೇಳದೆ ಬಿಡಬಾರದು.

ಸ್ವಸಹಾಯ ಸಂಘಗಳಿಗೆ ಇರುವುದು ಬೀಜ ಬಂಡವಾಳ: ಆಹಾರ ತಯಾರಿಕೆಯಲ್ಲಿ ತೊಡಗಿರುವ ಸದಸ್ಯೆಗೆ ತಲಾ 40,000 ರೂಪಾಯಿ, ಕರ್ನಾಟಕದಲ್ಲಿ ಸಂಜೀವಿನಿ ಒಕ್ಕೂಟದ ಮೂಲಕ. ಇದು ಒಕ್ಕೂಟಕ್ಕೆ ಅನುದಾನ, ಸದಸ್ಯೆಗೆ ಸಾಲ. ವಾಪಸು ಕಟ್ಟಬೇಕು, ಆ ಹಣ ಇನ್ನೊಬ್ಬರಿಗೆ ಹೋಗಬೇಕು. ‘ಸರ್ಕಾರದ್ದು, ಕಟ್ಟಬೇಕಿಲ್ಲ’ ಎಂದು ಸಭೆಯಲ್ಲಿ ಯಾರೋ ಹೇಳಿದ ಒಂದು ಮಾತಿಗೆ ಒಕ್ಕೂಟಗಳ ವಸೂಲಿ ಹಾಳಾಗುವುದುಂಟು. ಬ್ಯಾಂಕಿನ ಮೆಟ್ಟಿಲು ಹತ್ತದೆ ಮಿಕ್ಸರ್, ಸೀಲಿಂಗ್ ಯಂತ್ರ, ಒಂದಿಷ್ಟು ಕಚ್ಚಾಮಾಲು ಹೊಂದಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ರೈತ ಉತ್ಪಾದಕ ಸಂಸ್ಥೆ, ಸಹಕಾರ ಸಂಘಗಳಿಗೆ ಸಾಮಾನ್ಯ ಮೂಲಸೌಕರ್ಯಕ್ಕೆ ಶೇ 35, ಗರಿಷ್ಠ 3 ಕೋಟಿ. ಅಲ್ಲಿ ಊರವರ ಮಾಲನ್ನೂ ಬಾಡಿಗೆಗೆ ಸಂಸ್ಕರಿಸಿ ಕೊಡಬೇಕೆಂಬ ಷರತ್ತಿದೆ. ಬ್ರ್ಯಾಂಡಿಂಗ್‌ಗೆ ಶೇ 50 ನೆರವೂ ಇಂಥ ಗುಂಪುಗಳಿಗೆ ಮಾತ್ರ, ಒಂಟಿ ಉದ್ದಿಮೆದಾರರಿಗೆ ಇಲ್ಲ.

ಅಂಕ ಕೊಡುವುದಾದರೆ ಸಹಾಯಧನದ ಪ್ರಮಾಣಕ್ಕೆ ಐದಕ್ಕೆ ಐದು, ಅರ್ಜಿಯ ನೆರವಿಗೆ ನಾಲ್ಕು, ಬ್ಯಾಂಕಿನ ಹಂತಕ್ಕೆ ಎರಡು, ದುಡಿಯುವ ಬಂಡವಾಳದ ಬಗೆಗಿನ ಕಾಳಜಿಗೆ ಒಂದು. ಎರಡು ಮೂರು ವರ್ಷ ಕೈಯಿಂದ ಮಾಡಿ ಮಾರಿ ಗಿರಾಕಿ ಗಟ್ಟಿ ಮಾಡಿಕೊಂಡು, ಈಗ ಕೈಕೆಲಸ ಸಾಲುತ್ತಿಲ್ಲ ಎನ್ನುವವರಿಗೆ ಕಣ್ಣುಮುಚ್ಚಿ ಶಿಫಾರಸು ಮಾಡಬಹುದು. ಮಾರುಕಟ್ಟೆ ನೋಡದೆ ಯಂತ್ರದಿಂದ ಶುರು ಮಾಡುವವರು ಮೊದಲು ರುಡ್‌ಸೆಟ್‌ನಂಥ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಉಚಿತ ತರಬೇತಿ ಪಡೆದು, ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ತಮ್ಮ ಉತ್ಪನ್ನಕ್ಕೆ ಯಾವ ವಿಧಾನ, ಎಷ್ಟು ದಿನದ ಬಾಳಿಕೆ ಎಂದು ತಿಳಿದುಕೊಂಡು ಬರಲಿ.

ಕೊನೆಯದಾಗಿ ಮೂರು ವರ್ಷದ ಲೆಕ್ಕ. ಗಡಿಯಾರ ಶುರುವಾಗುವುದು ಸಾಲ ಮಂಜೂರಾದ ದಿನದಿಂದ ಅಲ್ಲ, ಸಾಲದ ಕೊನೆಯ ಕಂತು ಬಿಡುಗಡೆಯಾದ ದಿನದಿಂದ. ಪ್ಯಾಕಿಂಗ್ ಯಂತ್ರವನ್ನು ಆಮೇಲೆ ನೋಡೋಣ ಎಂದು 40,000 ರೂಪಾಯಿ ಎಂಟು ತಿಂಗಳು ಎತ್ತದೆ ಬಿಟ್ಟರೆ, ಸಬ್ಸಿಡಿ ಹೊಂದಾಣಿಕೆಯೂ ಎಂಟು ತಿಂಗಳು ಮುಂದಕ್ಕೆ ಹೋಯಿತು. ಆ ದಿನ ಬಂದಾಗ ಎರಡನ್ನು ನೋಡುತ್ತಾರೆ: ಸಾಲದ ಖಾತೆ ಸುಸ್ತಿ ಇಲ್ಲದೆ ಇದೆಯೇ, ಘಟಕ ನಡೆಯುತ್ತಿದೆಯೇ. 90 ದಿನ ಕಂತು ತಪ್ಪಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ), ಆಮೇಲೆ ಸಬ್ಸಿಡಿಗೇ ಕುತ್ತು. ದಿನ ತುಂಬಿದ ಮೇಲೆ ಶಾಖೆ ತಾನಾಗಿ ಹೊಂದಾಣಿಕೆ ಮಾಡುತ್ತದೆ ಎಂದು ಕಾಯಬೇಡಿ. ಮ್ಯಾನೇಜರು ಬದಲಾಗಿರುತ್ತಾರೆ, ಕಡತ ಹಳೆಯದಾಗಿರುತ್ತದೆ. ತಿಂಗಳು ಮೊದಲೇ ಚಾಲ್ತಿಯಲ್ಲಿರುವ ಆಹಾರ ಸುರಕ್ಷತಾ ಪರವಾನಗಿ, ಇತ್ತೀಚಿನ ಕರೆಂಟು ಬಿಲ್ಲು, ಘಟಕದ ಫೋಟೊ ಲಗತ್ತಿಸಿ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಜಮೆಯಾದ ಮೇಲೆ ಸಾಲದ ಹೊಸ ಸ್ಟೇಟ್‌ಮೆಂಟಿನಲ್ಲಿ ಪೂರ್ತಿ ಮೊತ್ತ ಕಳೆದಿದೆಯೇ, ಸಬ್ಸಿಡಿ ಬಂದ ದಿನದಿಂದ ಅದರ ಮೇಲೆ ಬಡ್ಡಿ ಹಾಕಿದ್ದರೆ ಅದನ್ನು ವಾಪಸು ಮಾಡಿದ್ದಾರೆಯೇ ಎಂದು ತಿಂಗಳು ತಿಂಗಳಾಗಿ ತಾಳೆ ನೋಡಿ.